ಟರ್ಮಿನಲ್ ಸರ್ವರ್ ಬಳಸಿ ಸೀರಿಯಲ್ ಉಪಕರಣಗಳನ್ನು ಈಥರ್ನೆಟ್ ಜಾಲಕ್ಕೆ ಜೋಡಿಸುವ ವಿಧಾನ

ತೂಕದ ಯಂತ್ರ, ವಿದ್ಯುತ್ ಮೀಟರ್, ಪ್ರಯೋಗಾಲಯದ ಮಾಪಕ, ಕಾರ್ಖಾನೆಯ ಯಂತ್ರಗಳನ್ನು ನಡೆಸುವ ನಿಯಂತ್ರಕವಾದ ಪಿಎಲ್‌ಸಿ, ರೂಟರ್‌ನ ನಿರ್ವಹಣೆಗಿರುವ ಕನ್ಸೋಲ್ ಮೊದಲಾದವು ಇಂದಿಗೂ, ಬಿಟ್‌ಗಳನ್ನು ಒಂದರ ಹಿಂದೊಂದು ಕಳುಹಿಸುವ ಸೀರಿಯಲ್ ಪೋರ್ಟ್ ಮೂಲಕವೇ ಮಾತನಾಡುತ್ತವೆ. ಅವುಗಳಿಂದ ಮಾಹಿತಿ ಪಡೆಯಬೇಕಾದ ಕಂಪ್ಯೂಟರ್ ಬೇರೆ ಕೊಠಡಿಯಲ್ಲೋ ಬೇರೆ ಕಟ್ಟಡದಲ್ಲೋ ಇರುತ್ತದೆ. ಅದರಲ್ಲಿ ಸೀರಿಯಲ್ ಪೋರ್ಟ್ ಇಲ್ಲದಿರುವುದೇ ಹೆಚ್ಚು. ಈ ಎರಡರ ನಡುವೆ ನಿಲ್ಲುವ ಪೆಟ್ಟಿಗೆಯೇ ಟರ್ಮಿನಲ್ ಸರ್ವರ್. ಅದರ ಒಂದು ಬದಿಯಲ್ಲಿ ಒಂದೋ ಎಂಟೋ ಮೂವತ್ತೆರಡೋ ಸೀರಿಯಲ್ ಪೋರ್ಟ್‌ಗಳಿರುತ್ತವೆ, ಇನ್ನೊಂದು ಬದಿಯಲ್ಲಿ ಈಥರ್ನೆಟ್ ಇರುತ್ತದೆ. ಒಂದೆರಡು ಪೋರ್ಟ್‌ಗಳ ಚಿಕ್ಕ ಮಾದರಿಗಳನ್ನು ಡಿವೈಸ್ ಸರ್ವರ್ ಎಂದೂ, ಕನ್ಸೋಲ್‌ಗಳಿಗಾಗಿಯೇ ತಯಾರಾದವನ್ನು ಕನ್ಸೋಲ್ ಸರ್ವರ್ ಎಂದೂ ಮಾರುತ್ತಾರೆ. ಮೂಲ ಕೆಲಸ ಎಲ್ಲವುಗಳದ್ದೂ ಒಂದೇ.

ಕೆಲಸ ಆರಂಭಿಸುವ ಮುನ್ನ ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಳ್ಳಬೇಕು. ಸೀರಿಯಲ್ ಕೇಬಲ್ ಬೈಟ್‌ಗಳನ್ನು ಮಾತ್ರ ಒಯ್ಯುವುದಿಲ್ಲ. ಕಳುಹಿಸಲು ಅನುಮತಿ ಕೇಳುವ ಆರ್‌ಟಿಎಸ್, ಅನುಮತಿ ಕೊಡುವ ಸಿಟಿಎಸ್, ತಾನು ಸಿದ್ಧವೆಂದು ತಿಳಿಸುವ ಡಿಟಿಆರ್‌ನಂತಹ ನಿಯಂತ್ರಣ ತಂತಿಗಳ ಸ್ಥಿತಿಯನ್ನೂ, ಒಂದು ಬೈಟ್‌ಗೂ ಮುಂದಿನ ಬೈಟ್‌ಗೂ ನಡುವಿನ ಕಾಲದ ಅಂತರವನ್ನೂ ಅದು ಒಯ್ಯುತ್ತದೆ. ಜಾಲದ ಮೇಲೆ ಮಾಹಿತಿ ಸಾಗಿಸುವ ಟಿಸಿಪಿ ನಿಯಮಾವಳಿಯಾದರೋ ಬೈಟ್‌ಗಳನ್ನು ಕ್ರಮ ತಪ್ಪದಂತೆ ತಲುಪಿಸುತ್ತದೆಯೇ ಹೊರತು ಉಳಿದೆರಡರ ಹೊಣೆ ಹೊರುವುದಿಲ್ಲ. ನಿಮ್ಮ ಉಪಕರಣಕ್ಕೆ ಬರೀ ಬೈಟ್‌ಗಳು ಸಾಕೇ, ನಿಯಂತ್ರಣ ತಂತಿಗಳೂ ಬೇಕೇ, ಇಲ್ಲವೇ ಕಾಲದ ಅಂತರವೂ ಮುಖ್ಯವೇ ಎಂಬ ಪ್ರಶ್ನೆಗೆ ಉತ್ತರ ದೊರೆತರೆ ಮುಂದಿನ ಬಹುತೇಕ ಆಯ್ಕೆಗಳು ತಾವಾಗಿಯೇ ನಿರ್ಧಾರವಾಗುತ್ತವೆ. ಆ ಉತ್ತರವಿಲ್ಲದೆ ಮೆನುವಿನಲ್ಲಿರುವ ಆಯ್ಕೆಗಳನ್ನು ಒಂದೊಂದಾಗಿ ಬದಲಿಸುತ್ತಾ ಕುಳಿತರೆ ದಿನಗಟ್ಟಲೆ ಸಮಯ ವ್ಯರ್ಥವಾಗುತ್ತದೆ.

ಉಪಕರಣವನ್ನು ಮೊದಲು ನೇರವಾಗಿ ಮಾತನಾಡಿಸಿ

ಟರ್ಮಿನಲ್ ಸರ್ವರನ್ನು ಪಕ್ಕಕ್ಕಿಟ್ಟು, ಲ್ಯಾಪ್‌ಟಾಪ್ ಮತ್ತು ಯುಎಸ್‌ಬಿ-ಸೀರಿಯಲ್ ಪರಿವರ್ತಕದ ಮೂಲಕ ಉಪಕರಣದೊಂದಿಗೆ ನೇರ ಸಂಪರ್ಕ ಸಾಧಿಸುವುದು ಮೊದಲ ಹೆಜ್ಜೆ. ಬಾಡ್ ದರ (ವೇಗ), ಡೇಟಾ ಬಿಟ್‌ಗಳು (ಒಂದು ಅಕ್ಷರದ ಬಿಟ್‌ಗಳ ಸಂಖ್ಯೆ), ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್), ಸ್ಟಾಪ್ ಬಿಟ್ (ಅಕ್ಷರದ ಅಂತ್ಯದ ಗುರುತು) ಮತ್ತು ಫ್ಲೋ ಕಂಟ್ರೋಲ್ (ಮಾಹಿತಿಯ ಹರಿವನ್ನು ತಡೆದು ಬಿಡುವ ವಿಧಾನ) ಎಂಬ ಐದು ಮೌಲ್ಯಗಳನ್ನು ಇಲ್ಲಿಯೇ ಖಚಿತಪಡಿಸಿಕೊಂಡು ಬರೆದಿಟ್ಟುಕೊಳ್ಳಬೇಕು. ಹೆಚ್ಚಿನ ಉಪಕರಣಗಳು 9600 ಬಾಡ್, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಎಂಬ ಹೊಂದಾಣಿಕೆಯಲ್ಲಿರುತ್ತವೆ. ಹಳೆಯ ಮಾಪಕಗಳಲ್ಲಿ 7 ಡೇಟಾ ಬಿಟ್ ಮತ್ತು, ಒಂದುಗಳ ಒಟ್ಟು ಸಂಖ್ಯೆಯನ್ನು ಸಮವಾಗಿಸುವ, ಸಮ ಪ್ಯಾರಿಟಿ ಸಾಮಾನ್ಯ.

ತೆರೆಯ ಮೇಲೆ ಬರುವ ಕಸವನ್ನು ಗಮನವಿಟ್ಟು ನೋಡಿದರೆ ತಪ್ಪು ಎಲ್ಲಿದೆಯೆಂದು ಅದೇ ತಿಳಿಸುತ್ತದೆ. ಬಂದ ಅಕ್ಷರಗಳೆಲ್ಲವೂ ಅಸಂಬದ್ಧವಾಗಿದ್ದರೆ ಬಾಡ್ ದರ ತಪ್ಪಾಗಿರುತ್ತದೆ. ಕೆಲವು ಅಕ್ಷರಗಳು ಸರಿಯಾಗಿ ಬಂದು ಕೆಲವು ವಿಚಿತ್ರ ಚಿಹ್ನೆಗಳಾಗಿದ್ದರೆ ಪ್ಯಾರಿಟಿಯನ್ನು ಅನುಮಾನಿಸಬೇಕು. ಸಮ ಪ್ಯಾರಿಟಿಯ 7 ಬಿಟ್ ಮಾಹಿತಿಯನ್ನು ಪ್ಯಾರಿಟಿ ಇಲ್ಲದ 8 ಬಿಟ್ ಎಂದು ಓದಿದಾಗ ಪ್ಯಾರಿಟಿ ಬಿಟ್ಟೇ ಎಂಟನೆಯ ಬಿಟ್ ಆಗಿ ಕುಳಿತುಕೊಳ್ಳುತ್ತದೆ. ಎರಡು ಒಂದುಗಳಿರುವ ಇಂಗ್ಲಿಷ್‌ನ ದೊಡ್ಡ 'ಎ' ಅಕ್ಷರ ಆಗಲೂ ಸರಿಯಾಗಿಯೇ ಕಾಣುತ್ತದೆ, ಮೂರು ಒಂದುಗಳಿರುವ 'ಸಿ' ಮಾತ್ರ ಕೆಡುತ್ತದೆ.

ಕೇಬಲ್: ಅರ್ಧಕ್ಕರ್ಧ ತೊಂದರೆಗಳ ಮೂಲ

1960ರಲ್ಲಿ ಮೊದಲು ಪ್ರಕಟವಾದ, ಸೀರಿಯಲ್ ಪೋರ್ಟ್‌ಗಳ ಆರ್‌ಎಸ್-232 ಮಾನದಂಡವು ಟರ್ಮಿನಲ್ ಮತ್ತು ಮೋಡೆಮ್ ಎಂಬ ಎರಡು ಪಾತ್ರಗಳನ್ನು ಕಲ್ಪಿಸಿಕೊಂಡು ರಚಿತವಾದದ್ದು. ಟರ್ಮಿನಲ್ ಪಾತ್ರದ ಉಪಕರಣವನ್ನು ಡಿಟಿಇ ಎಂದೂ ಮೋಡೆಮ್ ಪಾತ್ರದ್ದನ್ನು ಡಿಸಿಇ ಎಂದೂ ಕರೆಯುತ್ತಾರೆ. ಒಂಬತ್ತು ಪಿನ್‌ಗಳ ಕನೆಕ್ಟರ್‌ನಲ್ಲಿ ಡಿಟಿಇ 3ನೆಯ ಪಿನ್‌ನಿಂದ ಕಳುಹಿಸಿ 2ನೆಯದರಲ್ಲಿ ಸ್ವೀಕರಿಸುತ್ತದೆ, ಡಿಸಿಇಯಲ್ಲಿ ಇದು ತಿರುಗುಮುರುಗು; 5ನೆಯ ಪಿನ್ ಎರಡರಲ್ಲೂ ಗ್ರೌಂಡ್. ಇಪ್ಪತ್ತೈದು ಪಿನ್‌ಗಳ ಹಳೆಯ ಕನೆಕ್ಟರ್‌ನಲ್ಲಿ ಡಿಟಿಇ ಕಳುಹಿಸುವುದು 2ನೆಯ ಪಿನ್‌ನಿಂದ, ಸ್ವೀಕರಿಸುವುದು 3ನೆಯದರಿಂದ, ಗ್ರೌಂಡ್ ಇರುವುದು 7ನೆಯದರಲ್ಲಿ. ಇಷ್ಟು ಸಾಕು ಗೊಂದಲವಾಗಲು.

ಉಪಕರಣದ ಕೈಪಿಡಿ ಕಳೆದುಹೋಗಿದ್ದರೆ ಅಥವಾ ಅದರ ಮಾತು ನಂಬಲಾಗದಿದ್ದರೆ ಮಲ್ಟಿಮೀಟರ್‌ನಿಂದ ನಿಜ ತಿಳಿಯಬಹುದು. ಕೇಬಲ್ ಕಳಚಿ, ಉಪಕರಣವನ್ನು ಚಾಲನೆಯಲ್ಲಿಟ್ಟು, ಅದರ ಒಂಬತ್ತು ಪಿನ್‌ಗಳ ಕನೆಕ್ಟರ್‌ನಲ್ಲಿ 5ನೆಯ ಪಿನ್‌ಗೆ ಹೋಲಿಸಿ 2 ಮತ್ತು 3ನೆಯ ಪಿನ್‌ಗಳ ವೋಲ್ಟೇಜ್ ಅಳೆಯಿರಿ. ಸುಮ್ಮನಿರುವ ಆರ್‌ಎಸ್-232 ಉಪಕರಣವು ತಾನು ಕಳುಹಿಸುವ ತಂತಿಯನ್ನು ಋಣ ವೋಲ್ಟೇಜ್‌ನಲ್ಲಿ, ಸಾಮಾನ್ಯವಾಗಿ ಋಣ 5ರಿಂದ ಋಣ 12 ವೋಲ್ಟ್‌ಗಳ ನಡುವೆ, ಹಿಡಿದಿಟ್ಟಿರುತ್ತದೆ. ಸ್ವೀಕರಿಸುವ ಪಿನ್‌ನಲ್ಲಿ ಶೂನ್ಯದ ಆಸುಪಾಸು ಕಾಣುತ್ತದೆ. ಟರ್ಮಿನಲ್ ಸರ್ವರ್‌ನ ಪೋರ್ಟನ್ನೂ ಹೀಗೆಯೇ ಅಳೆಯಬೇಕು. ಎರಡೂ ಒಂದೇ ಪಿನ್‌ನಲ್ಲಿ ಋಣ ವೋಲ್ಟೇಜ್ ತೋರಿಸಿದರೆ 2 ಮತ್ತು 3ನೆಯ ತಂತಿಗಳನ್ನು ಅದಲುಬದಲು ಮಾಡುವ ನಲ್ ಮೋಡೆಮ್ ಕೇಬಲ್ ಬೇಕು, ಬೇರೆ ಬೇರೆ ಪಿನ್‌ಗಳಲ್ಲಿ ತೋರಿಸಿದರೆ ನೇರ ಕೇಬಲ್ ಸಾಕು.

ಇದೇ ಅಳತೆ ಒಂದು ಅಪಾಯವನ್ನೂ ತಪ್ಪಿಸುತ್ತದೆ. ಕಳುಹಿಸುವ ತಂತಿಯಲ್ಲಿ ಧನ 3.3 ಅಥವಾ ಧನ 5 ವೋಲ್ಟ್ ಕಂಡರೆ ಅದು ಆರ್‌ಎಸ್-232 ಅಲ್ಲ, ಟಿಟಿಎಲ್ ಮಟ್ಟದ ಸೀರಿಯಲ್. ಅದನ್ನು ನೇರವಾಗಿ ಟರ್ಮಿನಲ್ ಸರ್ವರ್‌ಗೆ ಜೋಡಿಸಿದರೆ ಉಪಕರಣದ ಸರ್ಕ್ಯೂಟ್ ಸುಟ್ಟುಹೋಗಬಹುದಾದ್ದರಿಂದ ನಡುವೆ ವೋಲ್ಟೇಜ್ ಪರಿವರ್ತಕವನ್ನು ಇಡಲೇಬೇಕು. ಯಾವ ಪಿನ್‌ನಲ್ಲೂ ವೋಲ್ಟೇಜ್ ಕಾಣದಿದ್ದರೆ ಉಪಕರಣ ಕೆಟ್ಟಿದೆಯೆಂದು ತೀರ್ಮಾನಿಸುವ ಅವಸರ ಬೇಡ. ಕೆಲವು ಸಣ್ಣ ಉಪಕರಣಗಳು ಡಿಟಿಆರ್ ಅಥವಾ ಆರ್‌ಟಿಎಸ್ ತಂತಿಯಿಂದಲೇ ವಿದ್ಯುತ್ ಪಡೆಯುವಂತೆ ರಚಿತವಾಗಿರುತ್ತವೆ. ಅಂತಹವುಗಳಿಗೆ, ಜಾಲದಿಂದ ಯಾರೂ ಸಂಪರ್ಕಿಸದಿರುವಾಗಲೂ ಆ ತಂತಿಗಳನ್ನು ಸಕ್ರಿಯವಾಗಿಡುವಂತೆ ಟರ್ಮಿನಲ್ ಸರ್ವರನ್ನು ಹೊಂದಿಸಬೇಕಾಗುತ್ತದೆ.

ಹಲವು ಪೋರ್ಟ್‌ಗಳ ಟರ್ಮಿನಲ್ ಸರ್ವರ್‌ಗಳು ಸ್ಥಳ ಉಳಿಸಲು ಆರ್‌ಜೆ-45 ಕನೆಕ್ಟರ್ ಬಳಸುತ್ತವೆ. ಅದರಲ್ಲಿ ಯಾವ ಪಿನ್ ಯಾವ ಸಂಕೇತಕ್ಕೆ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಆದ್ದರಿಂದ ಒಂದು ಕಂಪನಿಯ ಅಡಾಪ್ಟರನ್ನು ಇನ್ನೊಂದರ ಪೆಟ್ಟಿಗೆಗೆ ಹಾಕುವ ಮುನ್ನ ಎರಡರ ಪಿನ್ ಪಟ್ಟಿಗಳನ್ನೂ ಹೋಲಿಸಬೇಕು. ಈಥರ್ನೆಟ್ ಕೇಬಲ್‌ನಂತೆಯೇ ಕಾಣುವ ಈ ಸೀರಿಯಲ್ ಕೇಬಲನ್ನು ಯಾರಾದರೂ ತಿಳಿಯದೆ ಸ್ವಿಚ್‌ಗೆ, ಅದರಲ್ಲೂ ಕೇಬಲ್‌ನಲ್ಲೇ ವಿದ್ಯುತ್ ಪೂರೈಸುವ ಸ್ವಿಚ್‌ಗೆ, ಸಿಕ್ಕಿಸದಂತೆ ಬೇರೆ ಬಣ್ಣದ ಕೇಬಲ್ ಬಳಸುವುದು ಒಳ್ಳೆಯದು.

ಇನ್ನು ಫ್ಲೋ ಕಂಟ್ರೋಲ್. ಕಳುಹಿಸುವ, ಸ್ವೀಕರಿಸುವ ಮತ್ತು ಗ್ರೌಂಡ್ ಎಂಬ ಮೂರೇ ತಂತಿಗಳಿರುವ ಉಪಕರಣಕ್ಕೆ ಆರ್‌ಟಿಎಸ್-ಸಿಟಿಎಸ್ ಆಯ್ಕೆಯನ್ನು ಚಾಲೂ ಮಾಡಿದರೆ, ಎಂದಿಗೂ ಬಾರದ ಸಿಟಿಎಸ್ ಸಂಕೇತಕ್ಕಾಗಿ ಟರ್ಮಿನಲ್ ಸರ್ವರ್ ಕಾಯುತ್ತಾ ಒಂದು ಬೈಟನ್ನೂ ಕಳುಹಿಸುವುದಿಲ್ಲ. ಉಪಕರಣದಿಂದ ಮಾಹಿತಿ ಬರುತ್ತಿದ್ದು, ನೀವು ಕಳುಹಿಸಿದ್ದು ಮಾತ್ರ ಹೋಗುತ್ತಿಲ್ಲವೆಂದರೆ ಮೊದಲು ನೋಡಬೇಕಾದದ್ದು ಇದನ್ನೇ. ತಂತಿಗಳ ಬದಲು ಬೈಟ್‌ಗಳಿಂದಲೇ ಹರಿವನ್ನು ತಡೆದು ಬಿಡುವ ಎಕ್ಸ್‌ಆನ್-ಎಕ್ಸ್‌ಆಫ್ ವಿಧಾನವು 17 ಮತ್ತು 19 ಮೌಲ್ಯದ ಬೈಟ್‌ಗಳನ್ನು ತನ್ನ ಸಂಜ್ಞೆಗಳಾಗಿ ಬಳಸಿಕೊಳ್ಳುವುದರಿಂದ ಬೈನರಿ ಮಾಹಿತಿಯ ಉಪಕರಣಗಳಿಗೆ ಅದು ಸಲ್ಲದು.

ಆರ್‌ಎಸ್-232 ಕೇಬಲ್‌ನ ಉದ್ದವನ್ನು 15 ಮೀಟರ್‌ನ ಒಳಗಿಡುವುದು ರೂಢಿ. ಟರ್ಮಿನಲ್ ಸರ್ವರನ್ನು ಉಪಕರಣದ ಪಕ್ಕದಲ್ಲಿಟ್ಟು ದೂರವನ್ನು ಈಥರ್ನೆಟ್‌ಗೆ ಬಿಡಬೇಕು. ಹಲವು ಉಪಕರಣಗಳು ಒಂದೇ ಸಾಲನ್ನು ಹಂಚಿಕೊಳ್ಳುವ ಇನ್ನೊಂದು ಸೀರಿಯಲ್ ಮಾನದಂಡವಾದ ಆರ್‌ಎಸ್-485ರಲ್ಲಿ ಒಂದೇ ಜೋಡಿ ತಂತಿಯ ಮೇಲೆ, ಕಡಿಮೆ ವೇಗದಲ್ಲಿ, ಸುಮಾರು 1200 ಮೀಟರ್‌ವರೆಗೆ ಹೋಗಬಹುದು; ಮೂಲ ಮಾನದಂಡದ ಲೆಕ್ಕದಲ್ಲಿ 32 ಉಪಕರಣಗಳನ್ನು ಸಾಲಾಗಿ ಜೋಡಿಸಬಹುದು. ಸಾಲಿನ ಎರಡು ತುದಿಗಳಲ್ಲಿ ಮಾತ್ರ 120 ಓಮ್ ಪ್ರತಿರೋಧಕ ಇರಬೇಕು, ನಡುವಿನ ಉಪಕರಣಗಳಲ್ಲಿ ಅದು ಇರಕೂಡದು. ತಂತಿಗಳ ಮೇಲಿನ 'ಎ' ಮತ್ತು 'ಬಿ' ಗುರುತುಗಳನ್ನು ಎಲ್ಲ ತಯಾರಕರೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಉತ್ತರವೇ ಬಾರದಿದ್ದಾಗ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡುವುದರಿಂದ ಹಾನಿಯೇನೂ ಇಲ್ಲ. ಬೇರೆ ಬೇರೆ ವಿದ್ಯುತ್ ಮೂಲಗಳಿರುವ ಕಟ್ಟಡಗಳ ನಡುವೆ ಸಾಲು ಹಾದುಹೋಗುವುದಾದರೆ ಎರಡು ಬದಿಗಳ ನಡುವೆ ವಿದ್ಯುತ್ ಹರಿಯದಂತೆ ಬೇರ್ಪಡಿಸುವ ಐಸೋಲೇಷನ್ ಇರುವ ಮಾದರಿಯನ್ನೇ ಕೊಳ್ಳಬೇಕು.

ಯಾವ ವಿಧಾನವನ್ನು ಆರಿಸಬೇಕು

ಕೇಬಲ್ ಸರಿಯಾದ ಮೇಲೆ ಟರ್ಮಿನಲ್ ಸರ್ವರ್‌ಗೆ ಸ್ಥಿರವಾದ ಐಪಿ ವಿಳಾಸ ಕೊಟ್ಟು, ಬರೆದಿಟ್ಟುಕೊಂಡ ಐದು ಮೌಲ್ಯಗಳನ್ನು ಪೋರ್ಟ್‌ಗೆ ತುಂಬಿಸುವುದು ಕೆಲವೇ ನಿಮಿಷಗಳ ಕೆಲಸ. ನಂತರ ಬರುವುದೇ ನಿಜವಾದ ನಿರ್ಧಾರ: ಪೋರ್ಟ್ ಯಾವ ವಿಧಾನದಲ್ಲಿ ಕೆಲಸ ಮಾಡಬೇಕು ಎಂಬುದು.

ಬರೀ ಬೈಟ್‌ಗಳು ಸಾಕೆನ್ನುವ ಉಪಕರಣಕ್ಕೆ ಕಚ್ಚಾ ಟಿಸಿಪಿ, ಅಂದರೆ ರಾ ಟಿಸಿಪಿ, ಅತ್ಯಂತ ಸರಳ. ಪ್ರತಿಯೊಂದು ಸೀರಿಯಲ್ ಪೋರ್ಟ್‌ಗೂ ಒಂದು ಟಿಸಿಪಿ ಪೋರ್ಟ್ ಸಂಖ್ಯೆ ಇರುತ್ತದೆ. ಆ ಸಂಖ್ಯೆಗೆ ಸಂಪರ್ಕಿಸಿದರೆ ಬೈಟ್‌ಗಳು ಯಾವ ಬದಲಾವಣೆಯೂ ಇಲ್ಲದೆ ಹೋಗಿ ಬರುತ್ತವೆ. ಮೋಕ್ಸಾದ ಪೆಟ್ಟಿಗೆಗಳಲ್ಲಿ ಮೊದಲ ಪೋರ್ಟ್‌ಗೆ ಸಾಮಾನ್ಯವಾಗಿ 4001, ಲ್ಯಾಂಟ್ರಾನಿಕ್ಸ್‌ನವುಗಳಲ್ಲಿ 10001, ಸಿಸ್ಕೋ ರೂಟರನ್ನೇ ಟರ್ಮಿನಲ್ ಸರ್ವರ್ ಆಗಿ ಬಳಸಿದಾಗ 4000ಕ್ಕೆ ಲೈನ್ ಸಂಖ್ಯೆಯನ್ನು ಕೂಡಿಸಿದಷ್ಟು ಎಂಬುದು ಮೂಲ ಹೊಂದಾಣಿಕೆ. ಹೊಸದಾಗಿ ತಂತ್ರಾಂಶ ಬರೆಯುವವರು ಈ ವಿಧಾನವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಇದಕ್ಕೆ ಯಾವ ಡ್ರೈವರ್ ಕೂಡ ಬೇಡ.

ದೂರದ ಯಂತ್ರವನ್ನು ಜಾಲದ ಮೂಲಕ ಬಳಸುವ ಹಳೆಯ ನಿಯಮಾವಳಿಯಾದ ಟೆಲ್ನೆಟ್ ವಿಧಾನ ಮನುಷ್ಯರು ಕುಳಿತು ಟೈಪ್ ಮಾಡುವ ಕನ್ಸೋಲ್‌ಗಳಿಗೆ ಯೋಗ್ಯ, ಯಂತ್ರಗಳ ನಡುವಿನ ಬೈನರಿ ಮಾಹಿತಿಗೆ ಅಲ್ಲ. ಟೆಲ್ನೆಟ್ 255 ಮೌಲ್ಯದ ಬೈಟನ್ನು ತನ್ನ ಆಜ್ಞೆಗಳ ಆರಂಭವೆಂದು ಭಾವಿಸುವುದರಿಂದ ಮಾಹಿತಿಯಲ್ಲಿ ಆ ಬೈಟ್ ಬಂದಾಗ ಅದನ್ನು ಎರಡು ಬಾರಿ ಕಳುಹಿಸಬೇಕಾಗುತ್ತದೆ. ಸಾಲಿನ ಕೊನೆಯ ಸಂಜ್ಞೆಯ ನಂತರವೂ ಅದು ಹೆಚ್ಚುವರಿ ಬೈಟ್ ಸೇರಿಸಬಹುದು. ಒಂದು ತುದಿ ಟೆಲ್ನೆಟ್ ಎಂದೂ ಇನ್ನೊಂದು ತುದಿ ಕಚ್ಚಾ ಟಿಸಿಪಿ ಎಂದೂ ಭಾವಿಸಿದ್ದರೆ ಅಕ್ಷರಗಳು ಸರಿಯಾಗಿದ್ದೂ ಬೈನರಿ ಸಂದೇಶಗಳು ಮಾತ್ರ ಆಗೊಮ್ಮೆ ಈಗೊಮ್ಮೆ ಕೆಡುತ್ತವೆ. ಇದನ್ನು ಪತ್ತೆ ಹಚ್ಚುವುದು ಬಹಳ ಕಷ್ಟ.

ನಿಯಂತ್ರಣ ತಂತಿಗಳೂ ಬೇಕಾದಾಗ, ಅಥವಾ ಬಾಡ್ ದರವನ್ನು ತಂತ್ರಾಂಶವೇ ಬದಲಿಸುವಂತಿದ್ದಾಗ, 1997ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 2217 ಎಂಬ ಇಂಟರ್‌ನೆಟ್ ನಿಯಮಾವಳಿ ಉಪಯೋಗಕ್ಕೆ ಬರುತ್ತದೆ. ಟೆಲ್ನೆಟ್‌ನ ಮೇಲೆಯೇ ಕಟ್ಟಿರುವ ಈ ವಿಧಾನದಲ್ಲಿ ದರ, ಪ್ಯಾರಿಟಿ, ಡಿಟಿಆರ್, ಆರ್‌ಟಿಎಸ್ ಮೊದಲಾದವುಗಳ ಬದಲಾವಣೆಗಳು ಮಾಹಿತಿಯ ಜೊತೆಯಲ್ಲೇ ಸಾಗುತ್ತವೆ. ಕಂಪ್ಯೂಟರ್‌ನ ಸೀರಿಯಲ್ ಪೋರ್ಟ್ ಆದ ಕಾಮ್ ಪೋರ್ಟನ್ನಷ್ಟೇ ಬಲ್ಲ ಹಳೆಯ ತಂತ್ರಾಂಶವನ್ನು ಬದಲಿಸಲಾಗದಿದ್ದರೆ ಕಂಪ್ಯೂಟರ್‌ನಲ್ಲಿ ವರ್ಚುವಲ್ ಕಾಮ್ ಪೋರ್ಟ್ ಡ್ರೈವರ್ ಹಾಕಬೇಕು. ತಂತ್ರಾಂಶಕ್ಕೆ ಅದು ಸಾಧಾರಣ ಕಾಮ್ ಪೋರ್ಟ್‌ನಂತೆ ಕಾಣಿಸುತ್ತದೆ, ಒಳಗೆ ಆರ್‌ಎಫ್‌ಸಿ 2217 ಅಥವಾ ತಯಾರಕರದೇ ಆದ ವಿಧಾನದಲ್ಲಿ ಜಾಲದ ಮೇಲೆ ಮಾತನಾಡುತ್ತದೆ. ಹೊಸ ಆಪರೇಟಿಂಗ್ ಸಿಸ್ಟಮ್‌ಗೆ ಬದಲಾಯಿಸಿದಾಗ ಮೊದಲು ಕೈಕೊಡುವುದು ಇಂತಹ ಡ್ರೈವರ್‌ಗಳೇ ಆಗಿರುವುದರಿಂದ, ಬೇರೆ ದಾರಿಯಿಲ್ಲದಾಗ ಮಾತ್ರ ಇದನ್ನು ಬಳಸುವುದು ಲೇಸು.

ಕಂಪ್ಯೂಟರೇ ಇಲ್ಲದೆ ಎರಡು ಸೀರಿಯಲ್ ಉಪಕರಣಗಳು ಪರಸ್ಪರ ಮಾತನಾಡಬೇಕಾಗಿದ್ದರೆ ಎರಡು ಟರ್ಮಿನಲ್ ಸರ್ವರ್‌ಗಳನ್ನು ಜೋಡಿಯಾಗಿ ಹೊಂದಿಸಬಹುದು. ಒಂದನ್ನು ಟಿಸಿಪಿ ಸರ್ವರ್ ಆಗಿಯೂ ಇನ್ನೊಂದನ್ನು ಟಿಸಿಪಿ ಕ್ಲೈಂಟ್ ಆಗಿಯೂ ಇಟ್ಟರೆ ಅವೆರಡೂ ಸೇರಿ ಒಂದು ಉದ್ದನೆಯ ಸೀರಿಯಲ್ ಕೇಬಲ್‌ನ ಕೆಲಸ ಮಾಡುತ್ತವೆ.

ಕಾಲದ ಅಂತರ

ಟರ್ಮಿನಲ್ ಸರ್ವರ್ ಸೀರಿಯಲ್ ಬದಿಯಿಂದ ಬರುವ ಬೈಟ್‌ಗಳನ್ನು ಯಾವಾಗ ಪ್ಯಾಕೆಟ್ ಆಗಿ ಕಟ್ಟಿ ಕಳುಹಿಸಬೇಕು? 9600 ಬಾಡ್‌ನಲ್ಲಿ, ಸ್ಟಾರ್ಟ್ ಮತ್ತು ಸ್ಟಾಪ್ ಬಿಟ್‌ಗಳೂ ಸೇರಿ ಒಂದು ಅಕ್ಷರಕ್ಕೆ 10 ಬಿಟ್‌ಗಳಾದರೆ, ಸೆಕೆಂಡಿಗೆ 960 ಅಕ್ಷರಗಳು, ಅಂದರೆ ಒಂದು ಅಕ್ಷರಕ್ಕೆ ಸುಮಾರು 1 ಮಿಲಿಸೆಕೆಂಡ್ ತಗಲುತ್ತದೆ. ಬಂದ ಬೈಟನ್ನು ಬಂದ ಹಾಗೆಯೇ ಕಳುಹಿಸಿದರೆ ಒಂದು ಸಂದೇಶ ಹತ್ತಾರು ಪ್ಯಾಕೆಟ್‌ಗಳಾಗಿ ಒಡೆದುಹೋಗುತ್ತದೆ. ಬಹಳ ಹೊತ್ತು ಕಾದರೆ ಉತ್ತರ ತಡವಾಗುತ್ತದೆ. ಸಂದೇಶದ ಕೊನೆಯಲ್ಲಿ ನಿಶ್ಚಿತವಾದ ಸಂಜ್ಞೆಯಿದ್ದರೆ, ತೂಕದ ಯಂತ್ರ ಪ್ರತಿ ಸಾಲಿನ ಕೊನೆಗೆ ಕಳುಹಿಸುವ 13 ಮೌಲ್ಯದ ಬೈಟ್ ಇದಕ್ಕೆ ಉದಾಹರಣೆ, ಆ ಸಂಜ್ಞೆ ಕಂಡೊಡನೆ ಕಳುಹಿಸುವಂತೆ ಹೊಂದಿಸುವುದು ಎಲ್ಲಕ್ಕಿಂತ ಉತ್ತಮ. ಅಂತಹ ಸಂಜ್ಞೆಯಿಲ್ಲದಿದ್ದರೆ ಕೆಲವು ಅಕ್ಷರಗಳಷ್ಟು ಕಾಲ ಮೌನವಿದ್ದಾಗ, 9600 ಬಾಡ್‌ನಲ್ಲಿ 5ರಿಂದ 10 ಮಿಲಿಸೆಕೆಂಡ್, ಕಳುಹಿಸುವಂತೆ ಹೇಳಬಹುದು. ಹೀಗೆ ಹೊಂದಿಸಿದ ಮೇಲೂ ಒಂದು ಪ್ಯಾಕೆಟ್ ಎಂದರೆ ಒಂದು ಸಂದೇಶ ಎಂದು ತಂತ್ರಾಂಶ ಭಾವಿಸಬಾರದು. ಟಿಸಿಪಿ ಬೈಟ್‌ಗಳ ಹರಿವೇ ಹೊರತು ಸಂದೇಶಗಳ ಸಾಲಲ್ಲ.

ಕಾಲದ ಅಂತರವೇ ಸಂದೇಶದ ಗಡಿಯಾಗಿರುವ ಉಪಕರಣಗಳಿಗೆ ಇಷ್ಟು ಸಾಲದು. ಕಾರ್ಖಾನೆಯ ಉಪಕರಣಗಳು ಬಳಸುವ ಮಾಡ್‌ಬಸ್ ನಿಯಮಾವಳಿಯ ಸೀರಿಯಲ್ ರೂಪವಾದ ಮಾಡ್‌ಬಸ್ ಆರ್‌ಟಿಯು ಇದರ ಅತ್ಯಂತ ಪರಿಚಿತ ಉದಾಹರಣೆ. ಅದರಲ್ಲಿ ಎರಡು ಸಂದೇಶಗಳ ನಡುವೆ ಕನಿಷ್ಠ ಮೂರೂವರೆ ಅಕ್ಷರಗಳಷ್ಟು ಕಾಲ, 9600 ಬಾಡ್‌ನಲ್ಲಿ ಸುಮಾರು 4 ಮಿಲಿಸೆಕೆಂಡ್, ಮೌನವಿರಬೇಕು; ಸಂದೇಶದ ನಡುವೆ ಅಂತಹ ಬಿಡುವು ಬಂದರೆ ಉಪಕರಣವು ಸಂದೇಶವನ್ನು ತಿರಸ್ಕರಿಸುತ್ತದೆ. ಜಾಲದ ವಿಳಂಬದಿಂದ ಇಂತಹ ಬಿಡುವು ಸುಲಭವಾಗಿ ಉಂಟಾಗುತ್ತದೆ. ಆದ್ದರಿಂದ ಮಾಡ್‌ಬಸ್ ಉಪಕರಣಗಳಿಗೆ ಸಾದಾ ಟರ್ಮಿನಲ್ ಸರ್ವರ್‌ಗಿಂತ ಮಾಡ್‌ಬಸ್ ಗೇಟ್‌ವೇ ಸೂಕ್ತ. ಅದು ಟಿಸಿಪಿಯ 502ನೆಯ ಪೋರ್ಟ್‌ನಲ್ಲಿ ಪೂರ್ಣ ವಿನಂತಿಯನ್ನು ಪಡೆದು, ತಪ್ಪು ಹಿಡಿಯುವ ಸಂಖ್ಯೆಯಾದ ಸಿಆರ್‌ಸಿ ಸೇರಿಸಿ, ಸೀರಿಯಲ್ ಬದಿಯಲ್ಲಿ ಒಂದೇ ಉಸಿರಿಗೆ ಕಳುಹಿಸುತ್ತದೆ. ಆರ್‌ಟಿಯು ಸಂದೇಶವನ್ನು ಹಾಗೆಯೇ ಟಿಸಿಪಿಯ ಮೇಲೆ ಕಳುಹಿಸುವುದಕ್ಕೂ ಮಾಡ್‌ಬಸ್ ಟಿಸಿಪಿಗೂ ವ್ಯತ್ಯಾಸವಿದೆ. ಎರಡರ ಸಂದೇಶ ರಚನೆಗಳು ಬೇರೆ ಬೇರೆಯಾಗಿರುವುದರಿಂದ ಒಂದನ್ನು ನಿರೀಕ್ಷಿಸುವ ತಂತ್ರಾಂಶಕ್ಕೆ ಇನ್ನೊಂದು ಅರ್ಥವಾಗುವುದಿಲ್ಲ.

ಸಂಪರ್ಕ ಅರ್ಧದಲ್ಲಿ ಸತ್ತಾಗ

ಬಹಳಷ್ಟು ಪೋರ್ಟ್‌ಗಳು ಒಂದು ಬಾರಿಗೆ ಒಂದೇ ಸಂಪರ್ಕವನ್ನು ಒಪ್ಪಿಕೊಳ್ಳುತ್ತವೆ. ಕಂಪ್ಯೂಟರ್ ಹಠಾತ್ತನೆ ನಿಂತುಹೋದರೆ ಆ ಸಂಗತಿ ಟರ್ಮಿನಲ್ ಸರ್ವರ್‌ಗೆ ತಿಳಿಯುವುದಿಲ್ಲ. ಹಳೆಯ ಸಂಪರ್ಕವನ್ನೇ ಹಿಡಿದುಕೊಂಡು ಹೊಸದನ್ನು ನಿರಾಕರಿಸುತ್ತಲೇ ಇರುತ್ತದೆ. ಸಂಪರ್ಕ ಇನ್ನೂ ಬದುಕಿದೆಯೇ ಎಂದು ಆಗಾಗ ವಿಚಾರಿಸುವ ಟಿಸಿಪಿ ಕೀಪ್‌ಅಲೈವ್ ಇದಕ್ಕೆ ಮದ್ದು. ಲಿನಕ್ಸ್‌ನಲ್ಲಿ ಅದರ ಮೂಲ ಅವಧಿ 7200 ಸೆಕೆಂಡ್, ಅಂದರೆ ಎರಡು ಗಂಟೆ. ಇಲ್ಲಿ ಅದನ್ನು ಒಂದೆರಡು ನಿಮಿಷಕ್ಕೆ ಇಳಿಸಬೇಕು. ಮಾಹಿತಿ ಹರಿಯದಿದ್ದರೆ ಸಂಪರ್ಕ ಕಡಿಯುವ ನಿಷ್ಕ್ರಿಯ ಅವಧಿಯ ಆಯ್ಕೆ ಬೇರೆಯದು. ದಿನಕ್ಕೊಮ್ಮೆ ಮಾತ್ರ ಮಾತನಾಡುವ ಉಪಕರಣಕ್ಕೆ ಅದನ್ನು ಚಾಲೂ ಮಾಡಿದರೆ ಬೇಕಾದ ಸಂಪರ್ಕವೇ ಕಡಿದುಹೋಗುತ್ತದೆ.

ಪರೀಕ್ಷೆಯ ಕ್ರಮ

ಏನೂ ಕೆಲಸ ಮಾಡದಿದ್ದಾಗ ಸರಪಳಿಯನ್ನು ತುಂಡು ತುಂಡಾಗಿ ಪರೀಕ್ಷಿಸಬೇಕು. ಟರ್ಮಿನಲ್ ಸರ್ವರ್‌ನ ಸೀರಿಯಲ್ ಪೋರ್ಟ್‌ನಿಂದ ಕೇಬಲ್ ಕಳಚಿ, 2 ಮತ್ತು 3ನೆಯ ಪಿನ್‌ಗಳನ್ನು ಸಣ್ಣ ತಂತಿಯಿಂದ ಬೆಸೆದು, ಜಾಲದ ಕಡೆಯಿಂದ ಸಂಪರ್ಕಿಸಿ ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದು ಮರಳಿ ಬಂದರೆ ಜಾಲ, ಐಪಿ ವಿಳಾಸ, ವಿಧಾನ ಎಲ್ಲವೂ ಸರಿಯಿವೆ, ತೊಂದರೆ ಕೇಬಲ್‌ನಲ್ಲೋ ಉಪಕರಣದಲ್ಲೋ ಇದೆ. ಬೆಸೆದ ತಂತಿಯನ್ನು ಈಗ ಕೇಬಲ್‌ನ ಉಪಕರಣದ ತುದಿಗೆ ಸಾಗಿಸಿ ಮತ್ತೊಮ್ಮೆ ನೋಡಿದರೆ ಕೇಬಲ್‌ನ ತಂತಿಗಳು ತುಂಡಾಗಿಲ್ಲವೆಂಬುದೂ ಖಚಿತವಾಗುತ್ತದೆ. ಬಾಡ್ ದರದ ತಪ್ಪನ್ನು ಮಾತ್ರ ಈ ಪರೀಕ್ಷೆ ಹಿಡಿಯಲಾರದು, ಏಕೆಂದರೆ ಕಳುಹಿಸುವುದೂ ಸ್ವೀಕರಿಸುವುದೂ ಒಂದೇ ಪೋರ್ಟ್.

ಕನ್ಸೋಲ್‌ಗಳಿಗೆ ಒಂದು ವಿಶೇಷ ಎಚ್ಚರಿಕೆ ಅಗತ್ಯ. ಸೀರಿಯಲ್ ತಂತಿಯನ್ನು ಒಂದು ಅಕ್ಷರಕ್ಕಿಂತ ಹೆಚ್ಚು ಕಾಲ ಧನ ವೋಲ್ಟೇಜ್‌ನಲ್ಲಿ ಹಿಡಿದಿಡುವುದಕ್ಕೆ ಬ್ರೇಕ್ ಎನ್ನುತ್ತಾರೆ. ಸನ್ ಕಂಪನಿಯ ಹಳೆಯ ಸರ್ವರ್‌ಗಳು ಕನ್ಸೋಲ್‌ನಲ್ಲಿ ಬ್ರೇಕ್ ಕಂಡೊಡನೆ ಕೆಲಸ ನಿಲ್ಲಿಸಿ ಫರ್ಮ್‌ವೇರ್‌ನ ಆಜ್ಞಾ ತೆರೆಗೆ ಇಳಿಯುತ್ತಿದ್ದವು, ಮತ್ತು ಟರ್ಮಿನಲ್ ಸರ್ವರ್‌ನ ವಿದ್ಯುತ್ ಹೋಗಿ ಬಂದಾಗ ಉಂಟಾಗುವ ಏರುಪೇರನ್ನೇ ಅವು ಬ್ರೇಕ್ ಎಂದು ತಿಳಿಯುವ ಸಂಭವವಿತ್ತು. ಅಂತಹ ಯಂತ್ರಗಳಿಗೆ ಬ್ರೇಕ್ ಕಳುಹಿಸದ ಟರ್ಮಿನಲ್ ಸರ್ವರ್ ಆರಿಸಬೇಕು, ಇಲ್ಲವೇ ಯಂತ್ರದಲ್ಲೇ ಪರ್ಯಾಯ ಬ್ರೇಕ್ ಸಂಜ್ಞೆಯನ್ನು ಹೊಂದಿಸಬೇಕು.

ಪೆಟ್ಟಿಗೆ ಕೊಳ್ಳುವ ಬದಲು ಲಿನಕ್ಸ್ ಇರುವ ಸಣ್ಣ ಕಂಪ್ಯೂಟರ್ ಮತ್ತು ಯುಎಸ್‌ಬಿ-ಸೀರಿಯಲ್ ಪರಿವರ್ತಕಗಳಿಂದಲೂ ಈ ಕೆಲಸ ಮಾಡಬಹುದು. ಸರ್‌ಟುನೆಟ್ ಎಂಬ ಮುಕ್ತ ತಂತ್ರಾಂಶ ಕಚ್ಚಾ ಟಿಸಿಪಿ, ಟೆಲ್ನೆಟ್ ಮತ್ತು ಆರ್‌ಎಫ್‌ಸಿ 2217 ಮೂರನ್ನೂ ಬಲ್ಲದು. ಪರಿವರ್ತಕಗಳ ಹೆಸರು ಪ್ರತಿ ಮರುಚಾಲನೆಯಲ್ಲೂ ಬದಲಾಗಬಹುದಾದ್ದರಿಂದ ಅನುಕ್ರಮ ಸಂಖ್ಯೆಯ ಹೆಸರನ್ನು ನಂಬದೆ, ಪರಿವರ್ತಕದ ಗುರುತು ಅಥವಾ ಯುಎಸ್‌ಬಿ ಸ್ಥಾನವನ್ನು ಆಧರಿಸಿದ ಸ್ಥಿರ ಹೆಸರನ್ನು ಬಳಸಬೇಕು.

ಭದ್ರತೆ

ಕಚ್ಚಾ ಟಿಸಿಪಿ ಮತ್ತು ಆರ್‌ಎಫ್‌ಸಿ 2217 ಎರಡಕ್ಕೂ ಪಾಸ್‌ವರ್ಡ್ ಇಲ್ಲ, ಗೂಢಲಿಪೀಕರಣವೂ ಇಲ್ಲ. ಪೋರ್ಟ್ ಸಂಖ್ಯೆಗೆ ತಲುಪಬಲ್ಲ ಯಾರೇ ಆದರೂ ಉಪಕರಣದ ಮುಂದೆಯೇ ಕುಳಿತವರಿಗೆ ಸಮಾನ. ಇಂಟರ್‌ನೆಟ್‌ಗೆ ನೇರವಾಗಿ ತೆರೆದಿಟ್ಟ 1,14,000ಕ್ಕೂ ಹೆಚ್ಚು ಸೀರಿಯಲ್ ಸರ್ವರ್‌ಗಳನ್ನು ರ‍್ಯಾಪಿಡ್7 ಸಂಸ್ಥೆಯ ಸಂಶೋಧನೆ 2013ರಲ್ಲಿ ಪತ್ತೆ ಹಚ್ಚಿತ್ತು. 2015ರ ಡಿಸೆಂಬರ್‌ನಲ್ಲಿ ಉಕ್ರೇನ್‌ನ ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ನಡೆದ ದಾಳಿಯಲ್ಲಿ ದಾಳಿಕೋರರು ಉಪಕೇಂದ್ರಗಳ ಸೀರಿಯಲ್-ಈಥರ್ನೆಟ್ ಪರಿವರ್ತಕಗಳಿಗೆ ಕೆಟ್ಟ ಫರ್ಮ್‌ವೇರ್ ತುಂಬಿಸಿದರು. ಅವು ನಿಷ್ಪ್ರಯೋಜಕವಾದ್ದರಿಂದ ಸಿಬ್ಬಂದಿ ಉಪಕೇಂದ್ರಗಳಿಗೆ ಖುದ್ದಾಗಿ ಹೋಗಿ ಸ್ವಿಚ್‌ಗಳನ್ನು ಕೈಯಿಂದ ಹಾಕಬೇಕಾಯಿತು. ಆದ್ದರಿಂದ ಟರ್ಮಿನಲ್ ಸರ್ವರ್‌ಗಳನ್ನು ಪ್ರತ್ಯೇಕ ವಿಎಲ್‌ಎಎನ್‌ನಲ್ಲಿ, ಅಂದರೆ ಬೇರ್ಪಡಿಸಿದ ಉಪಜಾಲದಲ್ಲಿ, ಇಟ್ಟು, ಅಗತ್ಯವಿರುವ ಐಪಿ ವಿಳಾಸಗಳಿಗೆ ಮಾತ್ರ ಪ್ರವೇಶ ಕೊಡಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಬಳಸದ ಟೆಲ್ನೆಟ್, ಜಾಲ ನಿರ್ವಹಣೆಯ ಎಸ್‌ಎನ್‌ಎಂಪಿ ಸೇವೆಗಳನ್ನು ಮುಚ್ಚಿ, ಹೊರಗಿನಿಂದ ಬರುವವರಿಗೆ ವಿಪಿಎನ್ ಅಥವಾ ಎಸ್‌ಎಸ್‌ಎಚ್ ದಾರಿಯೊಂದನ್ನೇ ಬಿಡಿ.

ಎಲ್ಲವೂ ನಡೆಯುತ್ತಿದೆ ಎನಿಸಿದ ಮೇಲೆ ಟರ್ಮಿನಲ್ ಸರ್ವರ್, ಸ್ವಿಚ್, ಉಪಕರಣ ಮತ್ತು ಕಂಪ್ಯೂಟರ್‌ಗಳ ವಿದ್ಯುತ್ತನ್ನು ಒಂದೊಂದಾಗಿ ತೆಗೆದು ಹಾಕಿ, ಪ್ರತಿ ಸಲವೂ ಯಾರೂ ಕೈಹಾಕದೆ ಮಾಹಿತಿ ಮತ್ತೆ ಹರಿಯತೊಡಗುತ್ತದೆಯೇ ಎಂದು ಪರಿಶೀಲಿಸಬೇಕು. ಹೊಂದಾಣಿಕೆಗಳ ಕಡತವನ್ನು ಟರ್ಮಿನಲ್ ಸರ್ವರ್‌ನಿಂದ ಹೊರತೆಗೆದು, ಪಿನ್ ಅಳತೆಗಳ ಟಿಪ್ಪಣಿಯ ಜೊತೆಗೆ, ಅದೇ ಮಾದರಿಯ ಬದಲಿ ಪೆಟ್ಟಿಗೆಯನ್ನು ಇಟ್ಟಿರುವಲ್ಲಿಯೇ ಇಡಬೇಕು.